ನೀಲಗಿರಿಗೆ ನೀಲಿ ಬಂದದ್ದು ಎಲ್ಲಿಂದ

ಕಳೆದ ಹಂಗಾಮಿನಲ್ಲಿ ನಮ್ಮ ರನ್ನ ಬೆಳಗಲಿಯ ಒಂದು ಹೊಲದ ಬದುವಿನ ಮೇಲೆ ನಿಂತು ಹುಡುಗನೊಬ್ಬ ನನಗೊಂದು ಪ್ರಶ್ನೆ ಹಾಕಿದ. ಕಬ್ಬು ಕಡಿದು ಫ್ಯಾಕ್ಟರಿಗೆ ಕಳಿಸಿ ಆಗಿತ್ತು. ನೆಲದ ತುಂಬ ಮೊಣಕಾಲುದ್ದ ರವದಿ ಬಿದ್ದಿತ್ತು. ಸಂಜೆ ಗಾಳಿ ನಿಂತ ಮೇಲೆ ಅದಕ್ಕೆ ಬೆಂಕಿ ಹಚ್ಚಿದ್ದರು. ಹೊಗೆ ಮೇಲೇಳದೆ ಊರ ಕಡೆಗೇ ತೆವಳುತ್ತಿತ್ತು. ನಾನು ಕೆಮ್ಮುತ್ತ, "ಇದನ್ನ ಸುಡದ ಇರಾಕ ಆಗೂದಿಲ್ಲೇನೋ ತಮ್ಮಾ?" ಎಂದೆ.

"ಗಿಡಾನೂ ಗಾಳಿ ಕೆಡಸ್ತಾವಂತಲ್ರೀ ಸರ. ಎಲಿಯಿಂದ ಬರೂ ಆವಿ ಗಾಳ್ಯಾಗ ಕಣ ಆಗಿ ತೇಲ್ತೈತಂತ. ಮತ್ತ ನಾವು ರವದಿ ಸುಟ್ರ ಅಷ್ಟ ಯಾಕ ಬೈತೀರಿ?"

ಹುಡುಗ ಬಿ.ಎಸ್ಸಿ. ಓದುತ್ತಾನೆ. ನಾನು ಇತಿಹಾಸ ಪಾಠ ಮಾಡುವವನು. ಅವನ ಮಾತಿನ ಮೊದಲ ಅರ್ಧ ನಿಜವೆಂಬುದು ನನಗೆ ಗೊತ್ತಿತ್ತು. ಎರಡನೆಯ ಅರ್ಧ ತಪ್ಪೆಂದೂ ಅನ್ನಿಸಿತು, ಆದರೆ ಎಲ್ಲಿ ತಪ್ಪೆಂದು ಆ ಕ್ಷಣ ಹೇಳಲಾಗಲಿಲ್ಲ. ಮನೆಗೆ ಬಂದ ಮೇಲೆ, ನನಗೆ ಬರುವ ದಾರಿಯಿಂದಲೇ ಈ ಪ್ರಶ್ನೆಯ ಹತ್ತಿರ ಹೋಗೋಣವೆಂದುಕೊಂಡೆ. ಮರದ ಉಸಿರು ಗಾಳಿಯಲ್ಲಿ ಕಣವಾಗುತ್ತದೆಂಬುದು ಮನುಷ್ಯನಿಗೆ ಯಾವಾಗ, ಹೇಗೆ ತಿಳಿಯಿತು? ಆ ದಾರಿ ನನ್ನನ್ನು ಮೊದಲು ಒಂದು ಕನ್ನಡ ಶಾಸನಕ್ಕೆ ಒಯ್ದಿತು.

ನಮ್ಮ ಕಡೆ ನೀಲಗಿರಿ ಎಂದರೆ ಮರ. ಕಾಲುವೆಯ ದಂಡೆಗೆ, ರಸ್ತೆಯ ಬದಿಗೆ ನೆಟ್ಟಗೆ ನಿಂತ, ತೊಗಟೆ ಸುಲಿದುಕೊಳ್ಳುವ ಮರ. ನೆಗಡಿಯಾದರೆ ಕರ್ಚೀಫಿಗೆ ಹಾಕಿಕೊಳ್ಳುವ ಎಣ್ಣೆಯ ಹೆಸರೂ ಅದೇ. ಆ ಮರ ಬೆಳೆಯುವ ಬೆಟ್ಟಕ್ಕೆ ಮರದ ಹೆಸರೇ ಬಂದಿರಬೇಕೆಂದು ನಾನು ಬಹಳ ವರ್ಷ ನಂಬಿದ್ದೆ. ಶಾಲೆಯ ಪ್ರವಾಸದಲ್ಲಿ ಬಂಡೀಪುರ ದಾಟುವಾಗ ಬಸ್ಸಿನ ಕಿಟಕಿಯಿಂದ ಆ ಬೆಟ್ಟದ ಸಾಲನ್ನು ಮೊದಲ ಸಲ ಕಂಡೆ. ಹೆಸರಿಗೆ ತಕ್ಕಂತೆ ನೀಲಿಯಾಗಿಯೇ ಇತ್ತು. ಮಾಸ್ತರರು ಅದು ನೀಲಕುರಿಂಜಿ ಹೂವಿನ ಬಣ್ಣ ಎಂದರು. ಕುರಿಂಜಿ ಅರಳುವುದು 12 ವರ್ಷಕ್ಕೊಮ್ಮೆ. ನಾವು ಹೋದ ವರ್ಷ ಒಂದು ಹೂವೂ ಇರಲಿಲ್ಲ, ನೀಲಿ ಮಾತ್ರ ಇತ್ತು.

ಹೆಸರಿನ ವಯಸ್ಸು ನೋಡಲು ಚಾಮರಾಜನಗರಕ್ಕೆ ಹೋಗಬೇಕು. ಅರಿಕುಠಾರ ಎಂಬ ಹಳೆಯ ಹೆಸರಿನ ಆ ಊರಿನಲ್ಲಿ ಹೊಯ್ಸಳ ವಿಷ್ಣುವರ್ಧನನ ದಂಡನಾಯಕ ಪುಣಿಸಮಯ್ಯ ಕಟ್ಟಿಸಿದ ಪಾರ್ಶ್ವನಾಥ ಬಸದಿಯಿದೆ. ಅಲ್ಲಿಯ 1117ರ ಶಾಸನ ಈ ಜೈನ ದಂಡನಾಯಕನ ಗೆಲುವುಗಳನ್ನು ಸಾಲಾಗಿ ಹೇಳುತ್ತದೆ. ತೊದವರನ್ನು ಹೆದರಿಸಿದ್ದು, ಕೊಂಗರನ್ನು ಅಡಗಿಸಿದ್ದು, ಕೊನೆಗೆ ನೀಲ ಬೆಟ್ಟದ ಶಿಖರವನ್ನು ಲಕ್ಷ್ಮಿಗೆ ಒಪ್ಪಿಸಿದ್ದು. ಆ ಬೆಟ್ಟಕ್ಕೆ 'ನೀಲ' ಎಂಬ ಹೆಸರು ಕಾಣಿಸುವ ಅತಿ ಹಳೆಯ ದಾಖಲೆ ಇದೇ ಎನ್ನುತ್ತಾರೆ. ನಮ್ಮ ರನ್ನ ಅಜಿತಪುರಾಣ ಮುಗಿಸಿದ್ದು 993ರಲ್ಲಿ. ಅದಾಗಿ ಒಂದೂಕಾಲು ಶತಮಾನ ಕಳೆಯುವ ಹೊತ್ತಿಗೆ ಬೆಟ್ಟಕ್ಕೆ ಈ ಹೆಸರಿತ್ತು.

ಮರ ಬಂದದ್ದು ಬಹಳ ಈಚೆಗೆ. ಟಿಪ್ಪುವಿನ ಕಾಲದಲ್ಲಿ, 1790ರ ಸುಮಾರಿಗೆ, ನಂದಿಬೆಟ್ಟದ ತೋಟಕ್ಕೆ ಆಸ್ಟ್ರೇಲಿಯಾ ಮೂಲದ ಯೂಕಲಿಪ್ಟಸ್ ಬಂತು. ಊಟಿಯ ಕಡೆಗೆ ಅದನ್ನು 1843ರಲ್ಲಿ ತಂದವನು ಕ್ಯಾಪ್ಟನ್ ಕಾಟನ್ ಎಂಬ ಮದ್ರಾಸ್ ಸೇನೆಯ ಎಂಜಿನಿಯರ್. ಸೌದೆಯ ಬರ ನೀಗಲೆಂದು ಅಲ್ಲಿ ತೋಪುಗಳೆದ್ದವು, ಎಲೆಯಿಂದ ಎಣ್ಣೆ ಇಳಿಸುವ ಕಸುಬು ಹುಟ್ಟಿತು. ಬೆಟ್ಟದ ಎಣ್ಣೆ ನೀಲಗಿರಿ ಎಣ್ಣೆಯಾಯಿತು, ಎಣ್ಣೆ ಕೊಡುವ ಮರ ನೀಲಗಿರಿ ಮರವಾಯಿತು. ಹೆಸರು ಬೆಟ್ಟದಿಂದ ಇಳಿದು ಮರಕ್ಕೆ ಬಂದಿದೆ, ನಾನು ತಿಳಿದುಕೊಂಡಿದ್ದಕ್ಕೆ ತಿರುಗುಮುರುಗು. ಹಾಗಾಗಿ ಪುಣಿಸಮಯ್ಯನ ಕಾಲದ ನೀಲಿಗೆ ಯೂಕಲಿಪ್ಟಸ್ ಕಾರಣವಲ್ಲ. ನೀಲ ಎಂದರೆ ಹಳೆಯ ಕಾವ್ಯಭಾಷೆಯಲ್ಲಿ ಕಪ್ಪು ಬಣ್ಣವೂ ಹೌದು, ಮಳೆಮೋಡವೂ ನೀಲಮೇಘವೇ. ದಟ್ಟ ಕಾಡಿನ ಕಪ್ಪನ್ನು ಕಂಡು ಹಾಗೆ ಕರೆದಿರಬಹುದೆಂದು ಯಾರಾದರೂ ವಾದಿಸಿದರೆ ನಾನು ಜಗಳಕ್ಕೆ ಹೋಗುವುದಿಲ್ಲ. ಆದರೆ ಕಣ್ಣಿಗೆ ಕಾಣುವ ಆ ನೀಲಿಗೆ ಕಾರಣ ಬೇಕಲ್ಲ?

ಒಂದು ಕಾರಣ ಬರೀ ಗಾಳಿ. ಬ್ರಿಟನ್ನಿನ ರ‍್ಯಾಲೆ 1871ರಲ್ಲಿ ಇದರ ಲೆಕ್ಕ ಕೊಟ್ಟ. ಬೆಳಕಿನ ಅಲೆಗಿಂತ ಬಹಳ ಚಿಕ್ಕದಾದ ಕಣ ಕೆಂಪು ಬೆಳಕಿಗಿಂತ ನೀಲಿ ಬೆಳಕನ್ನು ನಾಲ್ಕು ಪಟ್ಟಿಗೂ ಹೆಚ್ಚು ಚೆದುರಿಸುತ್ತದೆ. 1899ರಲ್ಲಿ ಅವನೇ, ಆಕಾಶ ನೀಲಿಯಾಗಲು ಧೂಳು ಬೇಕಿಲ್ಲ, ಗಾಳಿಯ ಅಣುಗಳೇ ಸಾಕು ಎಂದು ತೋರಿಸಿದ. ಸಮುದ್ರದ ನೀಲಿಯೂ ಆಕಾಶದ ಬರೀ ಪ್ರತಿಬಿಂಬವಲ್ಲ, ನೀರಿನ ಅಣುಗಳ ಕೆಲಸವೂ ಇದೆ ಎಂದು 1921ರಲ್ಲಿ ಹಡಗಿನ ಮೇಲಿಂದ ವಾದ ಹೂಡಿದವರು ಸಿ.ವಿ. ರಾಮನ್. ಆದ್ದರಿಂದ ದೂರದ ಯಾವ ಗುಡ್ಡವಾದರೂ ಸ್ವಲ್ಪ ನೀಲಿಯೇ. ನಡುವೆ ಇರುವ ಅಷ್ಟೂ ಗಾಳಿ ನಮ್ಮ ಕಣ್ಣಿನತ್ತ ನೀಲಿ ಬೆಳಕನ್ನು ಚೆಲ್ಲುತ್ತಿರುತ್ತದೆ.

ಆದರೆ ಕೆಲವು ಬೆಟ್ಟಗಳ ಮೇಲೆ, ಕೆಲವು ದಿನ, ಗಾಳಿಯ ಅಣುಗಳ ಲೆಕ್ಕಕ್ಕಿಂತ ಹೆಚ್ಚು ನೀಲಿ ಮಸುಕು ಕವಿಯುತ್ತದೆ. ಆಸ್ಟ್ರೇಲಿಯಾದ ಬ್ಲೂ ಮೌಂಟನ್ಸ್, ಅಮೆರಿಕದ ಗ್ರೇಟ್ ಸ್ಮೋಕಿ ಬೆಟ್ಟಗಳು ಇದರಿಂದಲೇ ಹೆಸರಾದವು. ಬೆಂಕಿಯಿಲ್ಲ, ಊರಿಲ್ಲ, ಧೂಳೆಬ್ಬಿಸುವ ದಾರಿಯಿಲ್ಲ, ಆದರೂ ಹೊಗೆಯಂಥ ಒಂದು ಪರದೆ.

ಕಣದ ಗಾತ್ರಕ್ಕೂ ಬಣ್ಣಕ್ಕೂ ಇರುವ ನಂಟನ್ನು ನೋಡಲು ನಮ್ಮೂರ ಕಟ್ಟೆಯ ಮೇಲೆ ಬೀಡಿ ಸೇದುವ ಹಿರಿಯರು ಸಾಕು. ಬೀಡಿಯ ತುದಿಯಿಂದ ಏಳುವ ಹೊಗೆ ನೀಲಿ. ಅದೇ ಹೊಗೆ ಎದೆಯೊಳಗೆ ಹೋಗಿ ಹೊರಬಂದರೆ ಬಿಳಿ. ಒಳಗಿನ ತೇವ ಹತ್ತಿ ಕಣಗಳು ದಪ್ಪಗಾಗಿರುತ್ತವೆ, ದಪ್ಪ ಕಣ ಎಲ್ಲ ಬಣ್ಣವನ್ನೂ ಒಂದೇ ಸಮ ಚೆದುರಿಸುತ್ತದೆ. ಬೆಟ್ಟದ ಮೇಲಿನ ಮಸುಕು ನೀಲಿಯೆಂದರೆ ಅಲ್ಲಿಯ ಕಣಗಳು ತೀರಾ ಸಣ್ಣವು, ಆಗತಾನೆ ಹುಟ್ಟಿದವು.

ಆವಿಯೊಂದು ಬೆಳಕಿನ ಹೊಡೆತಕ್ಕೆ ಕಣವಾಗುವುದನ್ನು ಮೊದಲು ಕಣ್ಣಾರೆ ಕಂಡವರಲ್ಲಿ ಒಬ್ಬ ಜಾನ್ ಟಿಂಡಾಲ್. 1868-69ರಲ್ಲಿ ಲಂಡನ್ನಿನ ರಾಯಲ್ ಇನ್‌ಸ್ಟಿಟ್ಯೂಷನ್ನಿನ ಕತ್ತಲ ಕೋಣೆಯಲ್ಲಿ ಉದ್ದನೆಯ ಗಾಜಿನ ಕೊಳವೆಗೆ ಬೇರೆ ಬೇರೆ ಆವಿ ತುಂಬಿ, ಒಂದು ತುದಿಯಿಂದ ಪ್ರಖರ ವಿದ್ಯುತ್ ದೀಪದ ಬೆಳಕು ಹಾಯಿಸಿದ. ಮೊದಲು ಕೊಳವೆ ಖಾಲಿಯಂತೆ ಕಂಡಿತು. ಸ್ವಲ್ಪ ಹೊತ್ತಿಗೆ ಒಳಗೊಂದು ನೀಲಿ ಮೋಡ ಮೂಡಿತು, ಆಮೇಲೆ ಅದು ಬೆಳ್ಳಗಾಯಿತು. ಟಿಂಡಾಲ್ ಆಲ್ಪ್ಸ್ ಹತ್ತುತ್ತಿದ್ದ ಪರ್ವತಾರೋಹಿ ಕೂಡ. ಬೆಟ್ಟದ ನೀಲಿಯೂ ಕೊಳವೆಯ ನೀಲಿಯೂ ಅವನ ಕಣ್ಣೆದುರೇ ಇದ್ದವು. ಆದರೂ ಕಾಡಿನ ಮರಗಳಿಗೂ ಆ ಮೋಡಕ್ಕೂ ಗಂಟು ಹಾಕಲು ಇನ್ನೂ 90 ವರ್ಷ ಬೇಕಾಯಿತು.

ಗಂಟು ಹಾಕಿದವನು ಸಸ್ಯವಿಜ್ಞಾನಿ, ಫ್ರಿಟ್ಸ್ ವೆಂಟ್. ಹಾಲೆಂಡಿನ ಉಟ್ರೆಕ್ಟಿನವನು. ಗಿಡದ ಬೆಳವಣಿಗೆಯ ಹಾರ್ಮೋನಾದ ಆಕ್ಸಿನ್ನನ್ನು 1926ರಲ್ಲಿ ಓಟ್ಸ್ ಮೊಳಕೆಗಳಲ್ಲಿ ತೋರಿಸಿ ಚಿಕ್ಕ ವಯಸ್ಸಿನಲ್ಲೇ ಹೆಸರಾಗಿದ್ದ. ಮುಂದೆ ಕ್ಯಾಲಿಫೋರ್ನಿಯಾದ ಕ್ಯಾಲ್‌ಟೆಕ್‌ಗೆ ಬಂದ. ಅಲ್ಲಿ ಅವನ ಜೊತೆಗಿದ್ದವನು ಅದೇ ಉಟ್ರೆಕ್ಟಿನ ರಸಾಯನಶಾಸ್ತ್ರಜ್ಞ ಆರಿ ಹಾಗೆನ್-ಸ್ಮಿಟ್. ಈ ಹಾಗೆನ್-ಸ್ಮಿಟ್ ಅನಾನಸ್ ಹಣ್ಣಿಗೆ ಪರಿಮಳ ಎಲ್ಲಿಂದ ಬರುತ್ತದೆಂದು ಹುಡುಕುತ್ತ, ಹಣ್ಣಿನ ಆವಿಯನ್ನು ತಣಿಸಿ ಹನಿ ಹನಿಯಾಗಿ ಹಿಡಿಯುತ್ತಿದ್ದ. ಆಗ ಲಾಸ್ ಏಂಜಲೀಸ್ ನಗರ ಕಣ್ಣುರಿಯ ಹೊಗೆಮಂಜಿನಲ್ಲಿ ಮುಳುಗಿತ್ತು. ಅವನು ಅದೇ ಉಪಕರಣಕ್ಕೆ ಹಣ್ಣಿನ ಬದಲು ನಗರದ ಗಾಳಿ ಹಾಯಿಸಿದ. ಸಿಕ್ಕಿದ್ದು ಕೆಲವೇ ಹನಿ ಕಂದು ಬಣ್ಣದ ದುರ್ವಾಸನೆಯ ದ್ರವ. ವಾಹನ ಮತ್ತು ಎಣ್ಣೆ ಕಾರ್ಖಾನೆಗಳ ಹೈಡ್ರೋಕಾರ್ಬನ್ ಆವಿ, ನೈಟ್ರೋಜನ್ ಆಕ್ಸೈಡುಗಳ ಜೊತೆ ಬಿಸಿಲಿಗೆ ಬೆಂದು ಓಝೋನ್ ಮತ್ತು ಹೊಗೆಮಂಜಾಗುತ್ತದೆ ಎಂದು 1950ರ ದಶಕದ ಆರಂಭದಲ್ಲಿ ಅವನು ಹೇಳಿದ. ಅನಾನಸ್ಸಿನಿಂದ ಹೊರಟು ಅಲ್ಲಿಗೆ ಮುಟ್ಟಿದ ಈ ಕಥೆ ನನಗೆ ಇಷ್ಟ. ಪರಿಮಳ ಹಿಡಿಯುವುದು ಕಲಿತವನಿಗೇ ವಿಷ ಹಿಡಿಯಲು ಬಂತು.

ವೆಂಟ್ ತನ್ನ ಗಾಜಿನಮನೆಯ ಗಿಡಗಳು ಈ ನಗರದ ಗಾಳಿಗೆ ಸುಟ್ಟಂತಾಗುವುದನ್ನು ಕಂಡಿದ್ದ, ಒಳಬರುವ ಗಾಳಿಯನ್ನು ಇದ್ದಿಲಿನಲ್ಲಿ ಸೋಸಿ ಬಿಡುತ್ತಿದ್ದ. ಅವನಿಗೊಂದು ಯೋಚನೆ ಹೊಳೆಯಿತು. ಪೆಟ್ರೋಲಿನ ಆವಿ ಬಿಸಿಲಿಗೆ ಮಂಜಾಗುವುದಾದರೆ ಪೈನ್ ಮರದ ಘಮ, ಮರುಭೂಮಿಯ ಪೊದೆಗಳ ಘಮ ಯಾಕಾಗಬಾರದು? ಅವೂ ಹೈಡ್ರೋಕಾರ್ಬನ್‌ಗಳೇ. 1960ರಲ್ಲಿ, ಮಿಸೌರಿ ಸಸ್ಯೋದ್ಯಾನದ ನಿರ್ದೇಶಕನಾಗಿದ್ದಾಗ, 'ನೇಚರ್' ಪತ್ರಿಕೆಯಲ್ಲಿ ವಾತಾವರಣದ ನೀಲಿ ಮಸುಕಿನ ಬಗ್ಗೆ ಬರೆದ. ಕಾಡಿನ ಮೇಲಿನ ನೀಲಿ, ಗಿಡಗಳೇ ಬಿಟ್ಟ ಟರ್ಪೀನ್ ಆವಿಯಿಂದ ಹುಟ್ಟಿದ್ದು ಎಂಬುದು ಅವನ ವಾದ. ಜಗತ್ತಿನ ಸಸ್ಯಗಳು ವರ್ಷಕ್ಕೆ 17.5 ಕೋಟಿ ಟನ್ ಆವಿ ಬಿಡುತ್ತವೆಂದು ಅಂದಾಜೂ ಹಾಕಿದ. ಅಲ್ಲಿಗೇ ನಿಲ್ಲದೆ, ನೆಲದಡಿಯ ಪೆಟ್ರೋಲಿಯಂ ಕೂಡ ಹೀಗೇ ಹುಟ್ಟಿರಬಹುದು ಎಂದ. ಅದು ನಿಲ್ಲಲಿಲ್ಲ. ಮೊದಲನೆಯದು ನಿಂತಿತು, ಅಂದಾಜೇ ಚಿಕ್ಕದಾಯಿತು. 1995ರಲ್ಲಿ ಅಲೆಕ್ಸ್ ಗುಂಥರ್ ಮತ್ತು ಸಂಗಡಿಗರು ಹಾಕಿದ ಲೆಕ್ಕ ವರ್ಷಕ್ಕೆ ಸುಮಾರು 115 ಕೋಟಿ ಟನ್ ಇಂಗಾಲ.

ಆವಿ ಕಣವಾಗುವುದು ಹೇಗೆ? ನಮ್ಮ ಕಡೆಯವರಿಗೆ ಅಗಸಿ ಎಣ್ಣೆ ಗೊತ್ತು. ಬಾಗಿಲಿಗೋ ಬಂಡಿಯ ಕಟ್ಟಿಗೆಗೋ ಹಚ್ಚಿದರೆ ನಾಲ್ಕು ದಿನಕ್ಕೆ ಅಂಟಂಟಾಗಿ, ಆಮೇಲೆ ಗಟ್ಟಿ ಪೊರೆಯಾಗುತ್ತದೆ. ಅದು ನೀರಿನಂತೆ ಆರುವುದಲ್ಲ, ಗಾಳಿಯ ಆಮ್ಲಜನಕವನ್ನು ಹೀರಿ ಭಾರವಾಗುವುದು. ಎಣ್ಣೆಯ ಅಣುವಿನಲ್ಲಿರುವ ಜೋಡಿ ಬಂಧಗಳು ಆಮ್ಲಜನಕಕ್ಕೆ ಬಾಗಿಲು ತೆರೆಯುತ್ತವೆ. ಪೈನ್ ಎಲೆಯ ಪೈನೀನ್, ಕಿತ್ತಳೆ ಸಿಪ್ಪೆಯ ಲಿಮೊನೀನ್‌ಗಳಲ್ಲೂ ಇಂಥ ಬಂಧವಿದೆ. ಓಝೋನ್ ಅಥವಾ ಹಗಲಿನ ಬಿಸಿಲಲ್ಲಿ ಹುಟ್ಟುವ ಹೈಡ್ರಾಕ್ಸಿಲ್ ಅದನ್ನು ಕಚ್ಚುತ್ತದೆ, ಅಣು ಒಂದೊಂದಾಗಿ ಆಮ್ಲಜನಕ ಹೊತ್ತುಕೊಳ್ಳುತ್ತದೆ. ಹಗುರಾಗಿ ಹಾರುತ್ತಿದ್ದದ್ದು ಇನ್ನು ಗಾಳಿಯಲ್ಲಿ ಆವಿಯಾಗಿ ಇರಲಾರದಷ್ಟು ಭಾರವಾಗಿ, ಅಂಟಾಗಿ, ಸಿಕ್ಕ ಕಣದ ಮೇಲೆ ಕೂರುತ್ತದೆ. ಏನೂ ಸಿಗದಿದ್ದರೆ ತಮ್ಮತಮ್ಮಲ್ಲೇ ಗುಂಪುಗೂಡಿ ಹೊಸ ಕಣವಾಗುತ್ತವೆ. ವಿಜ್ಞಾನಿಗಳು ಇದನ್ನು ದ್ವಿತೀಯಕ ಸಾವಯವ ಏರೋಸಾಲ್ ಎನ್ನುತ್ತಾರೆ. ದ್ವಿತೀಯಕ ಯಾಕೆಂದರೆ ಇದನ್ನು ಯಾರೂ ಕಣವಾಗಿ ಬಿಟ್ಟದ್ದಲ್ಲ, ಗಾಳಿಯಲ್ಲಿ ಆದದ್ದು. ರವದಿಯ ಮಸಿ ಹಾಗಲ್ಲ, ಅದು ಬೆಂಕಿಯಿಂದಲೇ ಕಣವಾಗಿ ಹೊರಡುತ್ತದೆ.

ಇದರಲ್ಲಿ ಒಂದು ಆವಿಗೆ ವಾಸನೆ ಬಹಳ ಕಡಿಮೆ, ಹಾಗಾಗಿ ತಡವಾಗಿ ಸಿಕ್ಕಿತು. ಅದು ಐಸೊಪ್ರೀನ್, ಐದು ಇಂಗಾಲದ ಪುಟ್ಟ ಅಣು, ರಬ್ಬರಿನ ಮೂಲ ಘಟಕ. ಎಲೆಗಳು ಇದನ್ನು ಬಿಡುತ್ತವೆಂದು 1950ರ ದಶಕದಲ್ಲಿ ಕಂಡುಹಿಡಿದವನು ಆಗ ಸೋವಿಯತ್ ಒಕ್ಕೂಟದಲ್ಲಿದ್ದ ಜಾರ್ಜಿಯಾದ ಸನಾಡ್ಜೆ. ಗುಂಥರ್ ಲೆಕ್ಕದಲ್ಲಿ ಸಸ್ಯಗಳ ಒಟ್ಟು ಆವಿಯ ಅರ್ಧಕ್ಕೆ ಸಮೀಪ ಇದೊಂದೇ. ಎಲ್ಲ ಗಿಡವೂ ಬಿಡುವುದಿಲ್ಲ. ನಮ್ಮ ಅಶ್ವತ್ಥ ಕಟ್ಟೆಯ ಮರ ಬಿಡುತ್ತದೆ, ಯೂಕಲಿಪ್ಟಸ್ ಧಾರಾಳವಾಗಿ ಬಿಡುತ್ತದೆ. ಕಬ್ಬು ಹುಲ್ಲಿನ ಜಾತಿ, ಹುಲ್ಲುಗಳು ಬಹುಪಾಲು ಇದರಲ್ಲಿ ಜಿಪುಣ. ಬಿಸಿಲು ಏರಿದಂತೆ ಐಸೊಪ್ರೀನ್ ಏರುತ್ತದೆ, ಬೆಳಕು ಹೋದರೆ ನಿಲ್ಲುತ್ತದೆ. ಎಲೆಗೆ ಬಿಸಿ ತಡೆಯಲು ಇದು ಸಹಾಯವಾಗುತ್ತದಂತೆ. ಸರೋವರದೊಳಗೆ ಅಡಗಿದ್ದೂ ಭೀಮನ ಗರ್ಜನೆಗೆ ಬೆವತ ದುರ್ಯೋಧನನನ್ನು ಕಟ್ಟಿಕೊಟ್ಟ ಕವಿಯ ಊರಿನವನು ನಾನು. ಬಿಸಿಲಿಗೆ ಬೆವರುವ ಅಶ್ವತ್ಥ ನನಗೆ ಅಷ್ಟೇನೂ ವಿಚಿತ್ರವೆನ್ನಿಸಲಿಲ್ಲ.

ಐಸೊಪ್ರೀನ್ ತೀರಾ ಹಗುರ, ಅದರಿಂದ ಕಣವಾಗದು ಎಂದೇ ಬಹುಕಾಲ ನಂಬಿದ್ದರು. 2004ರಲ್ಲಿ ಮಾಗ್ಡಾ ಕ್ಲೇಯ್ಸ್ ಮತ್ತು ಸಂಗಡಿಗರು ಅಮೆಜಾನ್ ಕಾಡಿನ ಗಾಳಿಯ ಕಣಗಳಲ್ಲಿ ಐಸೊಪ್ರೀನಿನ ಇಂಗಾಲದ ಎಲುಬುಗೂಡನ್ನೇ ಹೊತ್ತ ಅಣುಗಳನ್ನು ಹಿಡಿದು ಆ ನಂಬಿಕೆ ಮುರಿದರು. 2016ರಲ್ಲಿ ಜಿನೀವಾದ ಸರ್ನ್ ಪ್ರಯೋಗಾಲಯದ 'ಕ್ಲೌಡ್' ತಂಡ, ಗಂಧಕಾಮ್ಲದ ನೆರವಿಲ್ಲದೆ ಪೈನೀನ್ ಆವಿಯೊಂದರಿಂದಲೇ ಹೊಸ ಕಣ ಹುಟ್ಟುವುದನ್ನು ತೋರಿಸಿತು. ಇತಿಹಾಸದವನಿಗೆ ಇದರಲ್ಲೊಂದು ಸ್ವಾರಸ್ಯವಿದೆ. ಮೋಡದ ಹನಿ ಕಟ್ಟಲು ಒಂದು ಬೀಜ ಬೇಕು, ಈಗಿನ ಬೀಜಗಳಲ್ಲಿ ಬಹಳಷ್ಟು ಕಲ್ಲಿದ್ದಲಿನ ಗಂಧಕದ ಕೃಪೆ. ಕಲ್ಲಿದ್ದಲು ಉರಿಯದಿದ್ದ ರನ್ನನ ಕಾಲದ ಮುಗಿಲಿಗೆ ಬೀಜ ಎಲ್ಲಿತ್ತು? ಧೂಳು, ಕಡಲ ಉಪ್ಪು, ಕಾಡ್ಗಿಚ್ಚಿನ ಹೊಗೆಗಳ ಜೊತೆಗೆ ಮರದ ಉಸಿರೂ ಆ ಪಟ್ಟಿಗೆ ಸೇರುತ್ತದೆ.

ಇನ್ನು ಹುಡುಗನ ವಾದ. ಅದನ್ನು ಅವನಿಗಿಂತ ಮೊದಲೇ ದೊಡ್ಡ ಸಭೆಗಳಲ್ಲಿ ಮಂಡಿಸಿದವರು ರೊನಾಲ್ಡ್ ರೇಗನ್. 1980ರ ಅಧ್ಯಕ್ಷ ಚುನಾವಣೆಯ ಹೊತ್ತಿಗೆ, ಗಾಳಿ ಕೆಡಿಸುವುದರಲ್ಲಿ ಗಿಡಮರಗಳ ಪಾಲೇ ದೊಡ್ಡದು ಎಂಬರ್ಥದ ಮಾತಾಡಿದರು. ವಿದ್ಯಾರ್ಥಿಗಳು ಕಾಲೇಜಿನ ಮರವೊಂದಕ್ಕೆ, ನಾನು ಇನ್ನೊಂದು ಕೊಲೆ ಮಾಡುವ ಮೊದಲು ನನ್ನನ್ನು ಕಡಿದುಬಿಡಿ ಎಂಬರ್ಥದ ಫಲಕ ತೂಗುಹಾಕಿ ನಕ್ಕರು. ಆದರೆ ನಗುವಷ್ಟಕ್ಕೆ ಮುಗಿಯುವ ಮಾತಲ್ಲ ಅದು, ಅದರೊಳಗೆ ವೆಂಟ್ ಕಂಡ ನಿಜವೂ ಇತ್ತು. ಅದನ್ನು ಬಿಡಿಸಿದ್ದು 1988ರಲ್ಲಿ ವಿಲಿಯಂ ಚಮೈಡಿಸ್ ಮತ್ತು ಸಂಗಡಿಗರು. ಕಾಡು ಸುತ್ತುವರಿದ ಅಟ್ಲಾಂಟಾ ನಗರದ ಲೆಕ್ಕಕ್ಕೆ ಮರಗಳ ಆವಿಯನ್ನೂ ಸೇರಿಸಿದಾಗ, ವಾಹನಗಳ ಹೈಡ್ರೋಕಾರ್ಬನ್ ಮಾತ್ರ ಕಡಿಮೆ ಮಾಡಿದರೆ ಓಝೋನ್ ಅಷ್ಟಾಗಿ ಇಳಿಯದು, ನೈಟ್ರೋಜನ್ ಆಕ್ಸೈಡುಗಳನ್ನೇ ಹಿಡಿಯಬೇಕು ಎಂದು ಕಂಡಿತು. ಮರದ ಆವಿ ಇದ್ದೇ ಇರುತ್ತದೆ. ಅದನ್ನು ಹೊಗೆಮಂಜು ಮಾಡುವ ಕಿಡಿ ಮನುಷ್ಯನ ಎಂಜಿನ್ನಿನಿಂದ, ಬೆಂಕಿಯಿಂದ ಬರುತ್ತದೆ.

ಆಮೇಲೆ ನಮ್ಮ ಪುರಾತತ್ವದವರ ಗಡಿಯಾರವೇ ಸಾಕ್ಷಿ ಹೇಳಲು ಬಂತು. ಇಂಗಾಲ-14 ಹೊಸ ಜೀವದಲ್ಲಿ ಇರುತ್ತದೆ, ಕೋಟಿ ವರ್ಷ ಹಳೆಯ ಪೆಟ್ರೋಲಿನಲ್ಲಿ ಇರುವುದಿಲ್ಲ. ಅಮೆರಿಕದ ಆಗ್ನೇಯ ಭಾಗದ ಸಾವಯವ ಕಣಗಳನ್ನು ಹಾಗೆ ಪರೀಕ್ಷಿಸಿದಾಗ ಇಂಗಾಲ ಬಹುಪಾಲು ಹೊಸದು, ಅಂದರೆ ಗಿಡದ್ದು. ಆದರೆ ಆ ಕಣಗಳ ಮೊತ್ತ ಏರುವುದು ನಗರದ ಮಾಲಿನ್ಯ ಏರಿದಾಗ. ಸರಕು ಮರದ್ದು, ಅದನ್ನು ಕಣವಾಗಿಸುವ ಓಝೋನ್, ನೈಟ್ರೋಜನ್, ಗಂಧಕ ನಮ್ಮದು. ಇದನ್ನು ಓದುವಾಗ ನನಗೆ ಬೇರೊಂದು ಹೊಳೆಯಿತು. ರವದಿಯ ಇಂಗಾಲವೂ ಈ ವರ್ಷದ್ದೇ. ಅದೇ ಗಡಿಯಾರವನ್ನು ಬೆಳಗಲಿಗೆ ತಂದಿಟ್ಟರೆ ಕಬ್ಬಿನ ಹೊಗೆಯೂ ಅಶ್ವತ್ಥದ ಬೆವರೂ ಒಂದೇ ಎಂದು ಸಾಕ್ಷಿ ನುಡಿದೀತು!

ಮರವನ್ನು ಕಟಕಟೆಗೆ ಹತ್ತಿಸುವುದು ಕರ್ನಾಟಕಕ್ಕೆ ಹೊಸದಲ್ಲ. ನಂದಿಬೆಟ್ಟದ ಮರಗಳ ಸಂತತಿ 'ಮೈಸೂರು ಗಮ್' ಎಂಬ ಹೆಸರಿನಲ್ಲಿ ಬಯಲುಸೀಮೆಗೆಲ್ಲ ಹಬ್ಬಿತು. 1980ರ ದಶಕದಲ್ಲಿ ಕಾಗದ ಮತ್ತು ರೇಯಾನ್ ತಿರುಳಿಗಾಗಿ ಸುಮಾರು 30,000 ಹೆಕ್ಟೇರ್ ಗೋಮಾಳ, ಸಾಮೂಹಿಕ ಜಮೀನು ನೀಲಗಿರಿ ತೋಪಿಗೆ ಹೋಗುವುದಿತ್ತು. ಶಿವರಾಮ ಕಾರಂತರು ಮತ್ತು ಸಮಾಜ ಪರಿವರ್ತನ ಸಮುದಾಯ ಸುಪ್ರೀಂ ಕೋರ್ಟಿಗೆ ಹೋದರು. 1987ರ ನವೆಂಬರ್ 14ರಂದು ಆಗಿನ ಧಾರವಾಡ ಜಿಲ್ಲೆಯ ಕುಸನೂರಿನಲ್ಲಿ ಜನ ನೀಲಗಿರಿ ಸಸಿ ಕಿತ್ತು, ಊರಿಗೆ ಬೇಕಾದ ಸಸಿ ನೆಟ್ಟರು. ಅದಕ್ಕೆ 'ಕಿತ್ತಿಕೋ-ಹಚ್ಚಿಕೋ' ಎಂದೇ ಹೆಸರು. ಅಲ್ಲಿಯ ತಕರಾರು ನೆಲದ್ದು, ಮೇವಿನದು, ನೀರಿನದು, ಯಾರ ಜಮೀನನ್ನು ಯಾರಿಗೆ ಕೊಟ್ಟಿರಿ ಎಂಬುದು. ಸಸಿ ಕಿತ್ತ ಆ ಜನಕ್ಕೆ, ಮರದ ಮೇಲೆ ಹೊರಿಸಿದ ಅಪರಾಧದ ಹಿಂದೆ ಮನುಷ್ಯರ ಒಪ್ಪಂದವೊಂದು ಇದೆಯೆಂದು ಸರಿಯಾಗಿ ಗೊತ್ತಿತ್ತು. ರೇಗನ್ನರ ಮಾತಿನಲ್ಲಿ ತಪ್ಪಿಹೋದದ್ದು ಅದೇ.

ಇಷ್ಟನ್ನೂ ಹುಡುಗನಿಗೆ ಹೇಳಿದ್ದು ಎರಡು ವಾರದ ನಂತರ, ಅದೇ ಬದುವಿನ ಮೇಲೆ. ರವದಿ ಸುಡುವಾಗ ಮಸಿಯೊಂದೇ ಅಲ್ಲ, ನೈಟ್ರೋಜನ್ ಆಕ್ಸೈಡೂ ಏಳುತ್ತದೆ. ಕಬ್ಬು ಹೊತ್ತು ಸಾಲುಗಟ್ಟುವ ಟ್ರ್ಯಾಕ್ಟರಿನಿಂದಲೂ, ಯೂರಿಯಾ ಉಂಡ ಮಣ್ಣಿನಿಂದಲೂ ಏಳುತ್ತದೆ. ಗಿಡದ ಆವಿ ಕಾಯುವ ಕಿಡಿ ಅದೇ ಎಂದೆ. ಅವನು ಸುಮ್ಮನೆ ಕೇಳಿದ, ಆಮೇಲೆ ತನ್ನ ಕಡೆಯ ಲೆಕ್ಕ ಒಪ್ಪಿಸಿದ. ರವದಿ ಬಿಟ್ಟರೆ ಸಾಲಿನಲ್ಲಿ ನೀರು ಮುಂದೆ ಹೋಗುವುದಿಲ್ಲ, ಇಲಿಯಾಗುತ್ತದೆ, ಹಾವಿನ ಹೆದರಿಕೆಗೆ ಕೂಲಿಯವರು ಒಳಗೆ ಇಳಿಯುವುದಿಲ್ಲ. ಪುಡಿ ಮಾಡುವ ಯಂತ್ರದ ಬಾಡಿಗೆ ಯಾರು ಕೊಡಬೇಕು? ಇದಕ್ಕೆ ನನ್ನ ಶಾಸನದಲ್ಲಾಗಲಿ ವೆಂಟನ ಲೇಖನದಲ್ಲಾಗಲಿ ಉತ್ತರ ಇರಲಿಲ್ಲ.

"ಸಾಲು ಬಿಟ್ಟು ಸಾಲಿಗೆ ಹಾಸಿ ನೋಡ್ತೇನ್ರಿ ಸರ," ಎಂದ. "ಒಂದ ಎಕ್ರೆ. ಅಪ್ಪಗ ನೀವ ಬಂದು ಹೇಳಬೇಕು ಮತ್ತ."

ಆ ಭಾನುವಾರ ಹೋಗಿ ಹೇಳಿಬಂದೆ. ಅವರಪ್ಪ ಕಟ್ಟೆಯ ಮೇಲೆ ಕೂತು ಬೀಡಿ ಹಚ್ಚಿದರು. ತುದಿಯಿಂದ ನೀಲಿ ಹೊಗೆ ಎದ್ದಿತು. ಎಲ್ಲ ಕೇಳಿಸಿಕೊಂಡು, ಬಿಳಿ ಹೊಗೆ ಬಿಡುತ್ತ, "ಒಂದ ಎಕ್ರೆ ಬ್ಯಾಡ್ರಿ, ಅರ್ಧ ಎಕ್ರೆ ಮಾಡೂಣು" ಎಂದರು.